ಇಪ್ಪತ್ತು ಗಜದ ಬೇಟೆ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಗಾರರಿಗೆಂದೇ ಜಿಂಕೆ ಬೇಟೆಯ ಋತು ಶುರುವಾದದ್ದು 1934ರಲ್ಲಿ. ಕೋವಿಗೆ ನೂರು ಗಜ ದೂರವೇ ಅಲ್ಲ; ಬಿಲ್ಲಿಗಾದರೆ ಇಪ್ಪತ್ತು, ಹೆಚ್ಚೆಂದರೆ ಮೂವತ್ತು. ಬಿಳಿಬಾಲದ ಜಿಂಕೆ ಅಷ್ಟು ಹತ್ತಿರ ಬರಬೇಕಾದರೆ ನೆಲದ ಗುಟ್ಟು ಗೊತ್ತಿರಬೇಕು. ಅದಕ್ಕೇ ರೈತ ಮನೆತನದವರು ತಮ್ಮ ಅಜ್ಜ ಉತ್ತ ಜಮೀನಿನಲ್ಲೇ ಆಡುವ ಬೇಟೆಯ ಮೇಲೆ ನನಗೆ ಗೌರವ ಹೆಚ್ಚು. ಈ ವರ್ಷ ಯಾವ ಓಕ್ ಮರ ಕಾಯಿ ಉದುರಿಸಿದೆ, ವಾಯವ್ಯದ ಗಾಳಿಗೆ ಯಾವ ಅಟ್ಟಣೆ ಹತ್ತಬೇಕು, ಹೆಣ್ಣುಜಿಂಕೆಗಳು ಬೇಲಿಯ ಯಾವ ಸಂದಿಯಲ್ಲಿ ನುಸುಳುತ್ತವೆ, ಮನೆಯವರಿಗೆ ಎಲ್ಲವೂ ಬಾಯಿಪಾಠ.

ಹೆದೆ ಎಳೆಯುವ ಗಳಿಗೆಯೇ ಕಠಿಣ. ಜಿಂಕೆಯ ತಲೆ ಮರದ ಮರೆಗೆ ಸರಿದಾಗಲೇ ಎಳೆಯಬೇಕು. ಅದು ಪಕ್ಕೆ ತೋರಿಸಿ ಮುಂಗಾಲು ಮುಂದಿಟ್ಟರೆ ಮಾತ್ರ ಬಾಣ ನೇರ ಶ್ವಾಸಕೋಶಕ್ಕೆ. ಇಲ್ಲವಾದರೆ ಬಿಲ್ಲು ಇಳಿಸಬೇಕು. ಈ ಸಂಯಮ ನನಗೆ ಗುರಿಗಿಂತ ದೊಡ್ಡದು. ಬಾಣ ತಾಗಿದ ಮೇಲೂ ಅರ್ಧ ಗಂಟೆ ಕಾದು, ಆಮೇಲೆ ಎಲೆಗಳ ಮೇಲಿನ ರಕ್ತದ ಜಾಡು ಹಿಡಿದು ಹೊರಡುತ್ತಾರೆ.