ವಾರಕ್ಕೊಂದು ಸೂಜಿ: ಚೀಟಿಯ ಒಂದು ಸಾಲಿನ ವ್ಯಾಖ್ಯಾನ

"ಟಿರ್ಜೆಪಟೈಡ್ 2.5 ಮಿ.ಗ್ರಾಂ., ಚರ್ಮದಡಿ, ವಾರಕ್ಕೊಮ್ಮೆ, 4 ವಾರ. ಬಳಿಕ 5 ಮಿ.ಗ್ರಾಂ." ಸಕ್ಕರೆ ಕಾಯಿಲೆಯ ಈ ಔಷಧ ಭಾರತದ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅಂಜನಾಪುರದ ಮನೆಯೊಂದಕ್ಕೆ ಇಂಥ ಚೀಟಿ ಬಂತೆನ್ನಿ. ಅದರ ಪದಪದವನ್ನೂ ಬಿಡಿಸಿ ನೋಡತಕ್ಕದ್ದು.

'ಟಿರ್ಜೆಪಟೈಡ್' ಎಂಬಲ್ಲಿ: ಉಂಡಾಗ ಕರುಳು ಸ್ರವಿಸುವ ಜಿಎಲ್‌ಪಿ-1, ಜಿಐಪಿ ಎಂಬೆರಡು ಹಾರ್ಮೋನುಗಳ ಕಾರ್ಯವನ್ನು ನಡೆಸುವ ಔಷಧವೆಂದರ್ಥ. ರಕ್ತದಲ್ಲಿ ಸಕ್ಕರೆ ಏರಿದಾಗ ಇದು ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ, ಹಸಿವನ್ನು ತಗ್ಗಿಸುತ್ತದೆ. ಸೂಜಿಮದ್ದಾದ ಮಾತ್ರಕ್ಕೆ ಇದೇ ಇನ್ಸುಲಿನ್ ಎಂದು ತಿಳಿಯಲಾಗದು.

'ಚರ್ಮದಡಿ' ಎಂದರೆ ಹೊಟ್ಟೆ, ತೊಡೆ ಅಥವಾ ತೋಳಿನ ಹಿಂಬದಿಯ ಕೊಬ್ಬಿನಲ್ಲಿ. ವಾರವಾರವೂ ಜಾಗ ಬದಲಾಗಬೇಕು.

'ವಾರಕ್ಕೊಮ್ಮೆ' ಎಂಬುದೇ ಸಾಲಿನ ಜೀವ. ದಿನಕ್ಕೆರಡು ಮಾತ್ರೆ ನುಂಗಿ ರೂಢಿಯಾದವರಿಗೆ ಶಂಕೆ ಸಹಜ: ಒಂದು ಚುಚ್ಚು ಏಳು ದಿನ ಹೇಗೆ ಬಂದೀತು? ಸಮಾಧಾನವಿಷ್ಟು. ಕರುಳಿನ ಸಹಜ ಜಿಎಲ್‌ಪಿ-1 ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಈ ಅಣುವಿಗಾದರೋ ಕೊಬ್ಬಿನಾಮ್ಲದ ಬಾಲವೊಂದನ್ನು ಜೋಡಿಸಿದ್ದಾರೆ. ಬಾಲವು ರಕ್ತದ ಅಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಔಷಧ ಅರ್ಧಕ್ಕಿಳಿಯಲು ಸುಮಾರು 5 ದಿನ ಬೇಕು. ಸಂತೆಯ ದಿನವನ್ನೇ ಸೂಜಿಯ ದಿನವೆಂದು ಗೊತ್ತುಮಾಡಿಕೊಂಡರೆ ಮರೆವಿಗೆ ಎಡೆಯಿಲ್ಲ. ಮರೆತರೂ 4 ದಿನದೊಳಗೆ ತೆಗೆದುಕೊಳ್ಳಬಹುದು. ಮೀರಿದರೆ ಆ ವಾರದ್ದನ್ನು ಬಿಟ್ಟು ಮುಂದಿನ ವಾರವೇ. ಎರಡನ್ನು ಕೂಡಿಸಿ ಚುಚ್ಚಿಕೊಳ್ಳಲಾಗದು.

'2.5', '4 ವಾರ' ಎಂಬಿವನ್ನು ಜೊತೆಗೂಡಿಸಿ ಓದಬೇಕು. ಜನ ಎಡವುವುದು ಇಲ್ಲಿಯೇ. ಈ ಮೊದಲ ಪ್ರಮಾಣ ಶುಗರ್ ಇಳಿಸಲೆಂದು ಕೊಟ್ಟದ್ದಲ್ಲ, ಹೊಟ್ಟೆಯನ್ನು ಪಳಗಿಸಲೆಂದು ಕೊಟ್ಟದ್ದು. ಔಷಧವು ಜಠರ ಬರಿದಾಗುವುದನ್ನು ನಿಧಾನಿಸುವುದರಿಂದ ಎಂದಿನಷ್ಟೇ ಅನ್ನ ಉಂಡರೆ ಹೊಟ್ಟೆಯುಬ್ಬರ, ಓಕರಿಕೆ ಕಾಣಬಹುದು. ತುತ್ತು ಕಡಿಮೆ ಮಾಡಿ, ಸಾಕೆನಿಸಿದಾಗ ಏಳುವುದೇ ಉಪಾಯ. ತಿಂಗಳಾದರೂ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವವರು ಚಿಕಿತ್ಸೆ ಮೊದಲಾಗುವ ಮುನ್ನವೇ ಬಿಟ್ಟಂತೆ. 'ಬಳಿಕ 5' ಎಂಬಲ್ಲಿಂದಲೇ ಅದರ ಆರಂಭ.

ಇನ್ನು ಸಾಲು ಹೇಳದೆ ಬಿಟ್ಟದ್ದು. ಮೊದಲಿನಿಂದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯಿದ್ದರೆ ಎರಡೂ ಕೂಡಿ ಸಕ್ಕರೆ ತೀರ ಇಳಿದು ಬೆವರು, ನಡುಕ ಬಂದೀತು. ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳತಕ್ಕದ್ದು. ಶೀಶೆಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಕರೆಂಟು ಹೋಗಿಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಒಂದೇ ಡೋಸಿನ ಶೀಶೆ 30 ಡಿಗ್ರಿ ಮೀರದಿದ್ದರೆ ಹೊರಗೂ 21 ದಿನ ತಾಳುತ್ತದೆ. ಐಸಿನ ಖಾನೆಯಲ್ಲಿ ಹೆಪ್ಪುಗಟ್ಟಿದ್ದು ಮಾತ್ರ, ಕರಗಿದ ಮೇಲೂ, ಬಳಕೆಗೆ ಸಲ್ಲದು.