ಹುಳದ ರೆಕ್ಕೆ, ಮಸಿಯ ಎಲೆ

ಚೀನಾದ ಹೂ-ಹಕ್ಕಿ ಚಿತ್ರಪರಂಪರೆಯಲ್ಲಿ ಚಿ ಬೈಶಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಸೀಗಡಿ. ಅದಕ್ಕೆ ಕಾರಣವೂ ಇದೆ. ಮಸಿ ಹೀರುವ ಕಾಗದದ ಮೇಲೆ ತೆಳುಮಸಿಯಲ್ಲಿ ಮೈ ಮೂಡಿಸಿ, ಆರುವ ಮುನ್ನವೇ ತಲೆಯ ಮೇಲೊಂದು ಗಾಢ ಗೀಟು ಎಳೆಯುತ್ತಿದ್ದರು. ಮಸಿ ಹರಡಿ ಚಿಪ್ಪು ಪಾರದರ್ಶಕವಾಗುತ್ತಿತ್ತು. ನೀರನ್ನು ಬರೆದೇ ಇಲ್ಲ. ಬಳುಕುವ ಮೀಸೆಗಳೇ ಅದರ ಸೆಳೆತವನ್ನು ತೋರಿಸುತ್ತವೆ. ಬಟ್ಟಲಲ್ಲಿ ಜೀವಂತ ಸೀಗಡಿಗಳನ್ನಿಟ್ಟು ಗಮನಿಸುತ್ತಿದ್ದ ಚಿ, ವರ್ಷ ಕಳೆದಂತೆ ಅವುಗಳ ಕಾಲುಗಳನ್ನು ಕಡಿಮೆ ಮಾಡುತ್ತ ಹೋದರು.

ಆದರೆ ಅವರ ಪ್ರತಿಭೆಯ ಪೂರ್ಣರೂಪ ಕಾಣುವುದು ಹುಳುಗಳಲ್ಲಿ.

1864ರಲ್ಲಿ ಹುನಾನ್ ಪ್ರಾಂತ್ಯದ ಶಿಯಾಂಗ್‌ಟಾನ್‌ನ ಬಡ ರೈತರ ಮನೆಯಲ್ಲಿ ಹುಟ್ಟಿದ ಚಿ, ಬಡಗಿ ಕೆಲಸ ಕಲಿತು ಮರದಲ್ಲಿ ಹೂಬಳ್ಳಿ ಕೆತ್ತುತ್ತಿದ್ದರು. ಎರವಲು ತಂದ ಚಿತ್ರಕಲೆಯ ಕೈಪಿಡಿಯೊಂದನ್ನು ನಕಲು ಮಾಡುತ್ತ ಕುಂಚ ಹಿಡಿದರು. ಐವತ್ತು ದಾಟಿದ ಮೇಲೆ ಬೀಜಿಂಗ್‌ನಲ್ಲಿ ನೆಲೆಸಿದಾಗ ಅವರ ಚಿತ್ರಗಳನ್ನು ಕೊಳ್ಳುವವರಿರಲಿಲ್ಲ. ಹದಿನೇಳನೇ ಶತಮಾನದ ಬಾದಾ ಶಾನ್‌ರೆನ್‌ರ ಜಾಡಿನ ಮಿತರೇಖೆಯ ಚಿತ್ರಗಳು ಅಲ್ಲಿನವರಿಗೆ ರುಚಿಸಲಿಲ್ಲ. ಸ್ವಂತ ದಾರಿ ಹುಡುಕಿಕೊಳ್ಳಿ ಎಂದು ಒತ್ತಾಯಿಸಿದವರು ಗೆಳೆಯ, ಚಿತ್ರಕಾರ ಚೆನ್ ಶಿಝೆಂಗ್. 1922ರಲ್ಲಿ ಚೆನ್ ಟೋಕಿಯೊ ಪ್ರದರ್ಶನಕ್ಕೆ ಒಯ್ದ ಚಿ ಅವರ ಚಿತ್ರಗಳು ಒಳ್ಳೆಯ ಬೆಲೆಗೆ ಮಾರಾಟವಾದವು. ಆ ವಯಸ್ಸಿನಲ್ಲಿ ಶೈಲಿಯನ್ನೇ ಬದಲಿಸುವ ಧೈರ್ಯ ಎಷ್ಟು ಕಲಾವಿದರಿಗಿದ್ದೀತು! ಕೆಂಪು ಹೂ, ಕಪ್ಪುಮಸಿಯ ಎಲೆ: ಪಂಡಿತರ ಕುಂಚಕ್ಕೆ ಹಳ್ಳಿಯ ಹಬ್ಬದ ಬಣ್ಣ ಬಂತು.

ಮೇಪಲ್ ಎಲೆಯ ಮೇಲೆ ಕುಳಿತ ಜೀರುಂಡೆಯ ಚಿತ್ರಗಳನ್ನು ನೋಡಬೇಕು. ಎಲೆ ದಪ್ಪ ಕುಂಚದ ಕೆಲವೇ ಬೀಸುಗಳಲ್ಲಿ ಮುಗಿದಿದೆ. ಜೀರುಂಡೆಯ ರೆಕ್ಕೆಯಲ್ಲಾದರೋ ಒಂದೊಂದು ನರವೂ ಎಣಿಸುವಷ್ಟು ಸ್ಪಷ್ಟ. ಹುಳ ಒಂದೇ ಇದ್ದಿದ್ದರೆ ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಹೊಂದುತ್ತಿತ್ತು, ಎಲೆ ಒಂದೇ ಇದ್ದಿದ್ದರೆ ಬರೀ ಅಲಂಕಾರವಾಗುತ್ತಿತ್ತು. ಎರಡೂ ಒಂದೇ ಹಾಳೆಗೆ ಬಂದಾಗ ಹುಳಕ್ಕೆ ತೂಕ ಬರುತ್ತದೆ. ಕಣ್ಣು ಚುರುಕಾಗಿದ್ದಾಗಲೇ ಹುಳುಗಳನ್ನು ಬರೆದಿಟ್ಟು, ಗಿಡಬಳ್ಳಿಗಳನ್ನು ಆಮೇಲೆ ಸೇರಿಸುತ್ತಿದ್ದುದೂ ಉಂಟು.

ದೋಷಗಳೂ ಇವೆ. ದರಪಟ್ಟಿ ತೂಗುಹಾಕಿ ಚಿತ್ರ ಮಾರಿಯೇ ದೊಡ್ಡ ಸಂಸಾರ ಸಾಕಿದವರು ಅವರು. ಬೇಡಿಕೆಗೆ ತಕ್ಕಂತೆ ಬರೆದ ಎಷ್ಟೋ ಸೀಗಡಿ, ಏಡಿಗಳಲ್ಲಿ ಕೈಚಳಕ ಉಳಿದಿದೆ, ಹೊಸ ನೋಟ ಇಲ್ಲ. 1925ರ ಅವರ 12 ನಿಸರ್ಗಚಿತ್ರಗಳ ಸರಣಿ 2017ರ ಬೀಜಿಂಗ್ ಹರಾಜಿನಲ್ಲಿ 93 ಕೋಟಿ ಯುವಾನ್ ದಾಟಿತು. ಆ ಬೆಲೆಯಿಂದ ಅವರನ್ನು ಅಳೆಯಬಾರದು. ಅವರ ಚಿತ್ರಸಂಪುಟ ಕೈಗೆ ಸಿಕ್ಕರೆ ಮೊದಲು ಹುಳುಗಳ ಪುಟ ತೆರೆಯಿರಿ, ಸೀಗಡಿಯನ್ನು ಆಮೇಲೆ ನೋಡಿದರಾಯಿತು.