ಪಂಪನ ಎರಡು ದುಂಬಿಗಳು: ಪ್ರಕೃತಿಪ್ರೀತಿ ಮತ್ತು ಜಿನಭಕ್ತಿಯನ್ನು ಕುರಿತು ಒಂದು ವಿವೇಚನೆ

ಕನ್ನಡ ಜೈನಪುರಾಣಗಳಲ್ಲಿ ಬರುವ ಪ್ರಕೃತಿವರ್ಣನೆಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ರೂಢಿಯಲ್ಲಿವೆ. ವನ, ಸರೋವರ, ಋತು, ಚಂದ್ರೋದಯ ಮೊದಲಾದವುಗಳ ವರ್ಣನೆಯು ಮಹಾಕಾವ್ಯಲಕ್ಷಣದ ಪೂರೈಕೆಗಾಗಿ ಬಂದುದು, ಅಷ್ಟಾದಶವರ್ಣನೆಗಳ ಋಣವನ್ನು ಕವಿಯು ತೀರಿಸಿದನೆಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ ಎಂಬುದು ಕಾವ್ಯವಿಮರ್ಶಕರ ಮತ. ವೈರಾಗ್ಯಪ್ರಧಾನವಾದ ಪುರಾಣದಲ್ಲಿ ಇಂಥ ವರ್ಣನೆಗಳು ರಾಗವನ್ನು ಉದ್ದೀಪಿಸುವುವಾದ್ದರಿಂದ ಶ್ರಾವಕನು ಅವನ್ನು ದಾಟಿ ಧರ್ಮೋಪದೇಶದ ಭಾಗಕ್ಕೆ ಹೋಗುವುದೇ ಲೇಸು ಎಂಬುದು ಸ್ವಾಧ್ಯಾಯಪರರಾದ ಕೆಲವರ ಮತ. ಒಬ್ಬರು ಕಾವ್ಯದ ಪರವಾಗಿಯೂ ಇನ್ನೊಬ್ಬರು ಧರ್ಮದ ಪರವಾಗಿಯೂ ನುಡಿದರೂ, ವರ್ಣನೆಯನ್ನು ತೆಗೆದುಹಾಕಿದರೆ ಪುರಾಣಕ್ಕೆ ನಷ್ಟವಿಲ್ಲವೆಂಬ ತೀರ್ಮಾನದಲ್ಲಿ ಇಬ್ಬರೂ ಒಂದಾಗುತ್ತಾರೆ. ಸಂಗ್ರಹಗ್ರಂಥಗಳನ್ನು ಸಿದ್ಧಪಡಿಸುವವರ ಕತ್ತರಿಯು ಮೊದಲು ಬೀಳುವುದು ಈ ಪದ್ಯಗಳ ಮೇಲೆಯೇ. ಆದ್ದರಿಂದ ಈ ತೀರ್ಮಾನವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಅಗತ್ಯವಾಗಿದೆ. ಈ ಪರಿಶೀಲನೆಗೆ ಆದಿಕವಿ ಪಂಪನಿಗಿಂತ ಉತ್ತಮವಾದ ನಿದರ್ಶನ ದೊರೆಯದು.

ಪಂಪನು ತನ್ನ 'ಆದಿಪುರಾಣ'ವನ್ನು ಶಕ 863ರಲ್ಲಿ, ಎಂದರೆ ಕ್ರಿ. ಶ. 941ರಲ್ಲಿ, ರಚಿಸಿದನು. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನಕವಿಯಾಗಿ 'ವಿಕ್ರಮಾರ್ಜುನವಿಜಯ'ವನ್ನು ರಚಿಸಿದನು. ಮೊದಲನೆಯದು 16 ಆಶ್ವಾಸಗಳ ಆಗಮಿಕಕಾವ್ಯ; ಎರಡನೆಯದು 14 ಆಶ್ವಾಸಗಳ ಲೌಕಿಕಕಾವ್ಯ. ಒಂದರಲ್ಲಿ ಜಿನಾಗಮವನ್ನೂ ಮತ್ತೊಂದರಲ್ಲಿ ಲೌಕಿಕವನ್ನೂ ಬೆಳಗುವುದಾಗಿ ಕವಿಯೇ ಸ್ಪಷ್ಟಪಡಿಸಿದ್ದಾನೆ. ಈ ಎರಡು ಕಾವ್ಯಗಳಲ್ಲಿಯೂ ಒಂದೊಂದು ದುಂಬಿ ಮುಖ್ಯವಾದ ಸ್ಥಾನದಲ್ಲಿ ಬಂದಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಪಂಪನ ಪ್ರಕೃತಿಪ್ರೀತಿಗೂ ಅವನ ಶ್ರದ್ಧೆಗೂ ಇರುವ ಸಂಬಂಧವು ವಿಶದವಾಗುತ್ತದೆ.

ಮೊದಲನೆಯ ದುಂಬಿಯು ಎಲ್ಲರೂ ಬಲ್ಲ ಬನವಾಸಿಯ ದುಂಬಿ. ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬರುವ ಈ ವರ್ಣನೆಯಲ್ಲಿ ಆ ನಾಡಿನ ತೆಂಕಣ ಗಾಳಿ, ಹೂ, ಇಂಪಾದ ಗೀತ, ಸಜ್ಜನಗೋಷ್ಠಿ ಇವು ಒಂದರ ಮೇಲೊಂದು ಬಂದು ಮನಸ್ಸನ್ನು ಸೆಳೆಯುತ್ತವೆ. ಆ ನಾಡಿನಲ್ಲಿ ಸಂಸ್ಕಾರವಂತ ಮನುಷ್ಯನಾಗಿ ಹುಟ್ಟಬೇಕು. ಅದು ಸಾಧ್ಯವಿಲ್ಲದಿದ್ದರೆ ಅಲ್ಲಿಯ ತೋಟದಲ್ಲಿ ಮರಿದುಂಬಿಯಾಗಿ ಅಥವಾ ಕೋಗಿಲೆಯಾಗಿಯಾದರೂ ಹುಟ್ಟಬೇಕು ಎಂಬ ಹಂಬಲದಲ್ಲಿ ಅದು ತುದಿಮುಟ್ಟುತ್ತದೆ. ನಾಡಪ್ರೇಮದ ಮಾತಾಗಿ ಇದು ಇಂದಿಗೂ ಜನಜನಿತವಾಗಿದೆ.

ಆದರೆ ಜೈನಸಿದ್ಧಾಂತವನ್ನು ಬಲ್ಲ ಓದುಗನಿಗೆ ಇಲ್ಲಿ ಒಂದು ತೊಡಕು ತೋರದಿರದು. 'ತತ್ತ್ವಾರ್ಥಸೂತ್ರ'ವು ಇಂದ್ರಿಯಗಳ ಕ್ರಮವೃದ್ಧಿಯನ್ನು ಹೇಳುವಾಗ ನಾಲ್ಕು ಇಂದ್ರಿಯಗಳುಳ್ಳ ಜೀವಕ್ಕೆ ಭ್ರಮರವನ್ನೇ ಉದಾಹರಣೆಯಾಗಿ ಕೊಟ್ಟಿದೆ. ಅದಕ್ಕೆ ಶ್ರೋತ್ರವಿಲ್ಲ, ಮನಸ್ಸಿಲ್ಲ. ಹಿತಾಹಿತವಿವೇಚನೆಗೆ ಅದು ಅರ್ಹವಲ್ಲ. ದುರ್ಲಭವಾದ ಮನುಷ್ಯಜನ್ಮವನ್ನು ಪಡೆದವನು ತಿರ್ಯಗ್ಗತಿಯಲ್ಲಿ, ಅದರಲ್ಲಿಯೂ ಅಸಂಜ್ಞಿಯಾದ ಚತುರಿಂದ್ರಿಯಜೀವವಾಗಿ ಹುಟ್ಟಲು ಹಂಬಲಿಸುವುದೆಂದರೇನು? ಮಾಯೆ, ಮಿಥ್ಯಾತ್ವಗಳೊಡನೆ ನಿದಾನವನ್ನೂ ಶಲ್ಯವೆಂದು ಎಣಿಸುವ ಶಾಸ್ತ್ರಕ್ಕೆ ಈ ಹಂಬಲವು ಹೇಗೆ ಒಪ್ಪಿಗೆಯಾದೀತು?

ಇದಕ್ಕೆ ಸುಲಭವಾದ ಸಮಾಧಾನವೊಂದಿದೆ. ಇದು ಲೌಕಿಕಕಾವ್ಯ; ಸಂದರ್ಭವು ಅರ್ಜುನನದು; ನಿಃಶಲ್ಯತ್ವದ ನಿಯಮವು ವ್ರತಿಗೆ ಸಂಬಂಧಿಸಿದುದು; ಆದ್ದರಿಂದ ದೋಷವಿಲ್ಲ ಎಂದು ಹೇಳಬಹುದು. ಶಾಸ್ತ್ರದ ದೃಷ್ಟಿಯಿಂದ ಈ ಸಮಾಧಾನವು ಸಾಕಾದೀತು. ಕಾವ್ಯದ ದೃಷ್ಟಿಯಿಂದ ಸಾಲದು. ಆ ಪದ್ಯಗಳಲ್ಲಿರುವ ಬಿಸುಪು ಕವಿಯ ಸ್ವಂತ ಅನುಭವದಿಂದ ಬಂದುದೆಂಬುದು ಸಹೃದಯರಿಗೆ ತಿಳಿದೇ ಇದೆ. ಅದು ರಾಗವೇ ಸರಿ. ರಾಗವಲ್ಲವೆಂದು ಸಾಧಿಸಲು ಹೊರಡುವುದು ಕವಿಗೆ ಮಾಡುವ ಉಪಕಾರವಲ್ಲ. ಪಂಪನು ಮೊದಲು ರಾಗಿಯಾಗಿದ್ದು ಬಳಿಕ ವಿರಾಗಿಯಾದನೆಂದು ಹೇಳಲೂ ಬರುವಂತಿಲ್ಲ. 'ವಿಕ್ರಮಾರ್ಜುನವಿಜಯ'ದ ಕೊನೆಯಲ್ಲಿ ಅವನು ಎರಡು ಕೃತಿಗಳನ್ನೂ ಒಟ್ಟಿಗೆ ಹೆಸರಿಸಿ, ಒಂದನ್ನು ಆರು ತಿಂಗಳಲ್ಲಿಯೂ ಇನ್ನೊಂದನ್ನು ಮೂರು ತಿಂಗಳಲ್ಲಿಯೂ ಮುಗಿಸಿದುದಾಗಿ ಹೇಳಿಕೊಂಡಿದ್ದಾನೆ. ಬನವಾಸಿಯ ದುಂಬಿಯನ್ನು ಹಾರಬಿಟ್ಟ ಕೈಯೇ ಆದಿಪುರಾಣದ ದುಂಬಿಯನ್ನೂ ಬರೆಯಿತು.

ಆ ಎರಡನೆಯ ದುಂಬಿಯು ಸತ್ತ ದುಂಬಿ. ಜಿನಸೇನಾಚಾರ್ಯರ 'ಪೂರ್ವಪುರಾಣ'ದ ಕಥೆಯನ್ನು ಅನುಸರಿಸಿ ಪಂಪನು ಪುಂಡರೀಕಿಣಿಯ ಚಕ್ರವರ್ತಿ ವಜ್ರದಂತನ ವೈರಾಗ್ಯಪ್ರಸಂಗವನ್ನು ನಿರೂಪಿಸುತ್ತಾನೆ. ವನಪಾಲಕನು ತಂದೊಪ್ಪಿಸಿದ ತಾವರೆಯೊಳಗೆ ಸತ್ತುಬಿದ್ದ ದುಂಬಿಯನ್ನು ಚಕ್ರವರ್ತಿಯು ಕಾಣುತ್ತಾನೆ. ಕಂಪಿಗೆ ಮರುಳಾಗಿ ಸಂಜೆ ಹೂವು ಮುಚ್ಚಿಕೊಂಡುದನ್ನು ಅರಿಯದೆ ಅದು ಅಲ್ಲಿಯೇ ಅಳಿದಿತ್ತು. ಷಟ್ಖಂಡಮಂಡಲವನ್ನು ಆಳಿದವನಿಗೆ ಅಷ್ಟು ಸಾಕಾಯಿತು. ಒಂದೇ ಇಂದ್ರಿಯದ ವಿಷಯದಲ್ಲಿ ಸೋತ ಜೀವಕ್ಕೆ ಈ ಗತಿಯಾದರೆ, ಐದು ಇಂದ್ರಿಯಗಳ ವಿಷಯಗಳಲ್ಲಿಯೂ ಮುಳುಗಿದವನ ಗತಿಯೇನು ಎಂಬ ಚಿಂತೆಯು ಅವನನ್ನು ದೀಕ್ಷೆಗೆ ಒಯ್ಯುತ್ತದೆ.

ಈ ಪ್ರಸಂಗದಲ್ಲಿ ಗಮನಾರ್ಹವಾದುದು ನೋಟದ ಸೂಕ್ಷ್ಮತೆ. ತಾವರೆಯನ್ನು ಕೇವಲ ಭೋಗವಸ್ತುವೆಂದು ತಿಳಿದವನು ಅದನ್ನು ಮೂಸಿ ಬದಿಗಿಡುತ್ತಿದ್ದನು. ವಜ್ರದಂತನು ಅದರ ಒಳಗನ್ನು ನೋಡಿದನು. ಅಲ್ಲಿದ್ದ ಕಿರಿದಾದ ಜೀವವೊಂದರ ಮರಣವನ್ನು ತನ್ನದೇ ಮರಣವೆಂಬಂತೆ ಕಂಡನು. ಪ್ರಕೃತಿಯ ಮೇಲಣ ಪ್ರೀತಿಯು ಇಲ್ಲಿ ವೈರಾಗ್ಯಕ್ಕೆ ವಿರೋಧಿಯಾಗಿ ನಿಂತಿಲ್ಲ, ಅದಕ್ಕೆ ಬಾಗಿಲಾಗಿದೆ. ದ್ರವ್ಯವು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದುದೆಂಬ ತತ್ತ್ವವನ್ನು ಶಾಸ್ತ್ರದಲ್ಲಿ ಓದಿ ಅರಿಯುವುದು ಒಂದು ಬಗೆ. ಬೆಳಗ್ಗೆ ಅರಳಿ ಸಂಜೆ ಮುಚ್ಚುವ ಹೂವಿನಲ್ಲಿ ಅದನ್ನು ಕಣ್ಣಾರೆ ಕಾಣುವುದು ಇನ್ನೊಂದು ಬಗೆ. ಪುರಾಣಕವಿಯ ಕಾರ್ಯವು ಈ ಎರಡನೆಯದು. ಹೂವಿನ ಚೆಲುವನ್ನು ಅವನು ಮನಮುಟ್ಟುವಂತೆ ವರ್ಣಿಸದಿದ್ದರೆ ಅದರ ವ್ಯಯವು ಓದುಗನ ಮನಸ್ಸನ್ನು ತಟ್ಟುವುದೇ ಇಲ್ಲ.

ದುಂಬಿಯ ಪ್ರಸಂಗವು ಅಲ್ಲಿಗೇ ಮುಗಿಯುವುದಿಲ್ಲ. ವಜ್ರದಂತನ ಮಗಳು ಶ್ರೀಮತಿ. ಅವಳ ಪತಿ ವಜ್ರಜಂಘ, ಮುಂದೆ ವೃಷಭನಾಥನಾಗುವ ಜೀವ. ಈ ದಂಪತಿಗಳ ಮರಣವನ್ನು ನೆನೆಯಬೇಕು. ಶಯ್ಯಾಗೃಹದಲ್ಲಿ ಸುಗಂಧಧೂಪವನ್ನಿಟ್ಟ ಪರಿಚಾರಕರು ಗವಾಕ್ಷಗಳನ್ನು ತೆರೆಯಲು ಮರೆಯುತ್ತಾರೆ. ಹೊಗೆಯು ತುಂಬಿಕೊಂಡು ದಂಪತಿಗಳು ಒಬ್ಬರನ್ನೊಬ್ಬರು ಅಪ್ಪಿದಂತೆಯೇ ಪ್ರಾಣಬಿಡುತ್ತಾರೆ. ಮುಚ್ಚಿದ ತಾವರೆಯಲ್ಲಿ ದುಂಬಿ, ಮುಚ್ಚಿದ ಮನೆಯಲ್ಲಿ ದಂಪತಿಗಳು: ಎರಡು ಕಡೆಯೂ ಸಾವಿಗೆ ಕಾರಣವಾದುದು ಕಂಪೇ. ಘ್ರಾಣೇಂದ್ರಿಯದ ವಿಷಯವೇ ಎರಡೂ ಕಡೆ ಮೃತ್ಯುವಾಗಿ ಬಂದಿದೆ. ತಂದೆಯು ಹೂವಿನಲ್ಲಿ ಓದಿದ ಪಾಠವು ಮಗಳ ಬಾಳಿನಲ್ಲಿ ಅನುಭವವಾಗಿ ಮರಳಿತು. ಕಥಾಸೂತ್ರವು ಜಿನಸೇನರದು, ಆದರೆ ಆ ದಂಪತಿಗಳ ಒಲವನ್ನೂ ಅಳಿವನ್ನೂ ಪಂಪನು ಕನ್ನಡದಲ್ಲಿ ಕಡೆದಿರಿಸಿದ ಬಗೆಯಿಂದ ಈ ಎರಡು ಚಿತ್ರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ತಾವರೆಯ ಪದ್ಯಗಳನ್ನು ಬಿಟ್ಟು ಧೂಪದ ಪದ್ಯಗಳನ್ನು ಮಾತ್ರ ಓದಿದವನಿಗೆ ಅದು ಒಂದು ಆಕಸ್ಮಿಕ ದುರಂತವಾಗಿ ಮಾತ್ರ ತೋರುತ್ತದೆ.

ಇದೇ ಭವದಲ್ಲಿ ಬರುವ ಮತ್ತೊಂದು ಸಂದರ್ಭವು ಈ ವಿವೇಚನೆಗೆ ಪೂರಕವಾಗಿದೆ. ವಜ್ರದಂತನು ದೀಕ್ಷೆ ವಹಿಸಿದ ಬಳಿಕ ಪುಂಡರೀಕಿಣಿಗೆ ಹೊರಟ ವಜ್ರಜಂಘನೂ ಶ್ರೀಮತಿಯೂ ಕಾಡಿನಲ್ಲಿ ಬೀಡುಬಿಟ್ಟಾಗ ದಮಧರ, ಸಾಗರಸೇನರೆಂಬ ಚಾರಣಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಹುಲಿ, ಹಂದಿ, ಕೋತಿ, ಮುಂಗುಸಿ ಈ ನಾಲ್ಕು ಪ್ರಾಣಿಗಳು ಅದನ್ನು ಕಂಡು ಅನುಮೋದಿಸಿ ಆ ಪುಣ್ಯದಿಂದ ಭೋಗಭೂಮಿಯಲ್ಲಿ ಹುಟ್ಟುತ್ತವೆ. ಕೊನೆಗೆ ವೃಷಭನಾಥನ ಪುತ್ರರಾಗುತ್ತವೆ. ಹಾಗಾದರೆ ತಿರ್ಯಗ್ಗತಿಯು ಕವಿಗೆ ಹೇಯವಲ್ಲ. ಸಂಜ್ಞಿಗಳಾದ ಪಂಚೇಂದ್ರಿಯತಿರ್ಯಂಚಗಳಿಗೆ ಧರ್ಮದ ದಾರಿ ತೆರೆದಿದೆ. ಅದಿಲ್ಲದುದು ಮನಸ್ಸಿಲ್ಲದ ದುಂಬಿಗೆ. ಅದರ ಸಾವಿನಿಂದ ಅದಕ್ಕೆ ಪಾಠವಾಗಲಾರದು, ನೋಡಿದ ಮನುಷ್ಯನಿಗೆ ಆಗಬೇಕು. ಬನವಾಸಿಯ ಹಂಬಲದ ತೊಡಕಿಗೂ ಉತ್ತರವು ಇಲ್ಲಿಯೇ ದೊರೆಯುತ್ತದೆ. ಲೌಕಿಕದಲ್ಲಿ ದುಂಬಿಯಾಗಲು ಬಯಸಿದ ಕವಿಯು ಆಗಮಿಕದಲ್ಲಿ ದುಂಬಿಯನ್ನು ಕಾಣುವವನಾಗಿದ್ದಾನೆ. ಕಂಪಿನ ಸೆಳೆತವನ್ನು ಒಳಗಿನಿಂದ ಬಲ್ಲವನಿಗಲ್ಲದೆ ಅದರ ಬಲೆಯ ಬಿಗಿಯು ತಿಳಿಯದು.

ಈ ದೃಷ್ಟಿಯಿಂದ ನೋಡಿದರೆ ಪುರಾಣಗಳಲ್ಲಿ ವೈರಾಗ್ಯನಿಮಿತ್ತಗಳು ಬಹುಮಟ್ಟಿಗೆ ಪ್ರಕೃತಿಯಿಂದಲೇ ಬಂದಿರುವುದು ಆಕಸ್ಮಿಕವಲ್ಲ. ವಜ್ರಜಂಘನ ತಂದೆ ವಜ್ರಬಾಹುವಿಗೆ ಶರತ್ಕಾಲದ ಮೋಡದ ವಿಲಯವು ನಿಮಿತ್ತವಾಯಿತು. ಗುಣಭದ್ರಾಚಾರ್ಯರ 'ಉತ್ತರಪುರಾಣ'ದಲ್ಲಿ, ಮುಂದೆ ಮಲ್ಲಿನಾಥನಾಗುವ ವೈಶ್ರವಣರಾಜನು ಹಬ್ಬಿ ನಿಂತ ಆಲದ ಮರವೊಂದನ್ನು ಕಂಡು ಮೆಚ್ಚುತ್ತಾನೆ. ಮರಳಿ ಬರುವಾಗ ಅದು ಸಿಡಿಲಿಗೆ ಸುಟ್ಟುಹೋಗಿರುತ್ತದೆ. ಅಭಿನವಪಂಪನೆನಿಸಿದ ನಾಗಚಂದ್ರನು 'ಮಲ್ಲಿನಾಥಪುರಾಣ'ಕ್ಕೆ ವಸ್ತುವಾಗಿ ಆರಿಸಿಕೊಂಡುದು ಈ ಜೀವದ ಕಥೆಯನ್ನೇ. ಇಲ್ಲಿಯೂ ಮೊದಲು ಮೆಚ್ಚುಗೆ, ಅನಂತರ ವಿರಕ್ತಿ. ಮೆಚ್ಚದ ಮರವು ಸುಟ್ಟರೆ ಅದು ಬರಿಯ ಸೌದೆ. ನೀಲಾಂಜನೆಯ ನೃತ್ಯವು ಕಲೆಯಾದರೂ ಅಲ್ಲಿಯ ತತ್ತ್ವವು ಇದೇ. ಆಯುಷ್ಯ ತೀರಿ ಅವಳು ಮಿಂಚಿನಂತೆ ಮರೆಯಾದಾಗ ಇಂದ್ರನು ರಸಭಂಗವಾಗದಂತೆ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯದ ಆ ವ್ಯತ್ಯಾಸವು ವೃಷಭನಾಥನಿಗೆ ತಿಳಿಯಿತು. ಸಭೆಯೆಲ್ಲವೂ ನೃತ್ಯವನ್ನು ನೋಡಿತು. ನರ್ತಕಿಯನ್ನು ನಿಜವಾಗಿ ನೋಡಿದವನು ಅವನೊಬ್ಬನೇ.

ಎಲ್ಲ ವರ್ಣನೆಗಳಿಗೂ ಈ ಗೌರವವು ಸಲ್ಲುತ್ತದೆಯೆಂದು ಹೇಳುವುದು ಪಕ್ಷಪಾತವಾದೀತು. ಪಂಪನ ಬಳಿಕ ಬಂದ ಅನೇಕ ಪುರಾಣಗಳಲ್ಲಿ ಪುಷ್ಪಾಪಚಯ, ಜಲಕ್ರೀಡೆಗಳು ಪೂರ್ವಕವಿಗಳ ಪಡಿಯಚ್ಚುಗಳಾಗಿವೆ. ಹೂಗಿಡಗಳ ಹೆಸರುಗಳು ಪಟ್ಟಿಯಂತೆ ಬರುತ್ತವೆ. ಒಂದು ಕಾವ್ಯದ ಉದ್ಯಾನವನ್ನು ಮತ್ತೊಂದು ಕಾವ್ಯದಲ್ಲಿಟ್ಟರೂ ಭೇದ ತಿಳಿಯದು. ವನಸ್ಪತಿ, ಜಲ, ಪೃಥ್ವಿಗಳಲ್ಲಿಯೂ ಏಕೇಂದ್ರಿಯಜೀವಗಳನ್ನು ಕಾಣುವ ಧರ್ಮದ ಕವಿಯು ಹೂ ಕೊಯ್ಯುವುದನ್ನು ಹತ್ತಾರು ಪದ್ಯಗಳಲ್ಲಿ ಹಿಗ್ಗಿ ವರ್ಣಿಸಿದಾಗ ಸಂಪ್ರದಾಯದ ಒತ್ತಡವೇ ಅಲ್ಲಿ ಮೇಲುಗೈ ಪಡೆದಿದೆಯೆಂದು ಒಪ್ಪಬೇಕು. ವರ್ಣಿತವಾದ ವಸ್ತುವಿನಲ್ಲಿ ಪರ್ಯಾಯದ ಅರಿವು, ಎಂದರೆ ಅದು ಹೀಗಿದ್ದು ಹಾಗಾಗುವುದೆಂಬ ಎಚ್ಚರ, ಎಲ್ಲಿಯಾದರೂ ಇದೆಯೆ ಎಂಬುದೇ ಇವುಗಳನ್ನು ಬೇರ್ಪಡಿಸುವ ಒರೆಗಲ್ಲು. ಇದ್ದರೆ ಆ ವರ್ಣನೆಯು ಅನುಪ್ರೇಕ್ಷೆಯ ಅಂಗ. ಇಲ್ಲದಿದ್ದರೆ ಅಲಂಕಾರ ಮಾತ್ರ.

ಗ್ರಂಥಸಂಪಾದಕರಿಗೆ ಈ ವಿಚಾರದಿಂದ ಒದಗುವ ಹೊಣೆಯನ್ನೂ ಇಲ್ಲಿ ಸೂಚಿಸಬೇಕು. ಹಳಗನ್ನಡದಲ್ಲಿ 'ಅಳಿ' ಎಂದರೆ ದುಂಬಿ. ಸಂಸ್ಕೃತದ ಲಕಾರವು ಳಕಾರವಾದ, ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವಿವೇಚಿಸಿರುವ ಕ್ಷಳವಿದು. 'ಅಳಿಪು' ಎಂದರೆ ಆಸೆ. ರೞದ 'ಅೞಿ' ಎಂದರೆ ನಾಶವಾಗು. ಮೂಲದಲ್ಲಿ ಬೇರೆಬೇರೆಯಾದ ಈ ಮಾತುಗಳು, ೞಕಾರವು ಬಳಕೆಯಿಂದ ಮರೆಯಾದ ಬಳಿಕ ಹುಟ್ಟಿದ ತಾಳೆಯೋಲೆಗಳಲ್ಲಿ ಒಂದೇ ಅಕ್ಷರದಿಂದ ಕಾಣಿಸಿಕೊಳ್ಳುತ್ತವೆ. ಪ್ರಾಸಸ್ಥಾನದಲ್ಲಿ ಬಂದರೆ ಪ್ರಾಸವು ಸಂಪಾದಕನ ಕೈಹಿಡಿಯುತ್ತದೆ. ಪಾದದ ನಡುವೆ ಬಂದರೆ ಸಂದರ್ಭವೊಂದೇ ಗತಿ. ದುಂಬಿ, ಆಸೆ, ಅಳಿವು ಈ ಮೂರರ ಸಂಬಂಧವೇ ಪ್ರಸಂಗದ ತಿರುಳಾಗಿರುವಲ್ಲಿ, ವರ್ಣನೆಯನ್ನು ಉಪೇಕ್ಷೆಯಿಂದ ಓದುವ ಸಂಪಾದಕನು ಪಾಠವನ್ನು ನಿರ್ಣಯಿಸುವುದೆಂತು? ಮಹಾಪ್ರಾಣದ ಗೀರು, ಎಕಾರ ಒಕಾರಗಳ ಹ್ರಸ್ವದೀರ್ಘಭೇದ ಇವು ಓಲೆಗಳಲ್ಲಿ ಸ್ಪಷ್ಟವಾಗಿ ಕಾಣದಿರುವುದರಿಂದ ಗಿಡಮರಗಳ ದೇಶ್ಯನಾಮಗಳ ವಿಷಯದಲ್ಲಿಯೂ ಇದೇ ಕಷ್ಟವಿದೆ. ಮರವನ್ನು ಬಲ್ಲವನಿಗೆ ಪಾಠವು ಸುಲಭ. ಬಲ್ಲದವನಿಗೆ ಅದು ಅಕ್ಷರಗಳ ರಾಶಿ.

ಆದ್ದರಿಂದ ಸಂಗ್ರಹಗಳನ್ನು ಸಿದ್ಧಪಡಿಸುವವರು ವರ್ಣನಾಭಾಗಗಳನ್ನು ಸಾರಾಸಗಟಾಗಿ ಬಿಡುವ ಪದ್ಧತಿಯನ್ನು ಪುನರ್ವಿಮರ್ಶಿಸುವುದು ಒಳಿತು. ವೈರಾಗ್ಯನಿಮಿತ್ತದೊಡನೆ ಸಂಬಂಧವುಳ್ಳ ವರ್ಣನೆಯನ್ನು ಆ ಪ್ರಸಂಗದೊಡನೆ ಉಳಿಸಿಕೊಳ್ಳಬೇಕು. ಬಿಟ್ಟಲ್ಲಿ ಬಿಟ್ಟುದನ್ನು ಸೂಚಿಸಬೇಕು. ಸಮಗ್ರ ಆವೃತ್ತಿಗಳಲ್ಲಿ ಸಸ್ಯಪ್ರಾಣಿನಾಮಗಳ ಅಕಾರಾದಿಯನ್ನು ಪಾಠಾಂತರಗಳೊಡನೆ ಕೊಡಬೇಕು. ಸ್ವಾಧ್ಯಾಯಪರರೂ ಇಂಥ ಪದ್ಯಗಳನ್ನು ದಾಟಿಹೋಗುವ ಮುನ್ನ ಒಂದು ಮಾತನ್ನು ನೆನೆಯಬೇಕು. ವೃಷಭಮುನಿಯು ಆಹಾರವಿಲ್ಲದೆ ಸಂಚರಿಸುತ್ತಿದ್ದಾಗ ಜನರಿಗೆ ದಾನವಿಧಿಯೇ ತಿಳಿದಿರಲಿಲ್ಲ. ಹಸ್ತಿನಾಪುರದ ಶ್ರೇಯಾಂಸನಿಗೆ ಅದು ತಿಳಿದುದು ಜಾತಿಸ್ಮರಣದಿಂದ. ನೆನಪಾದುದು ತಾನು ಶ್ರೀಮತಿಯಾಗಿದ್ದಾಗ ಆ ಕಾಡಿನಲ್ಲಿ, ಆ ನಾಲ್ಕು ಪ್ರಾಣಿಗಳ ಎದುರಿನಲ್ಲಿ ಚಾರಣಮುನಿಗಳಿಗೆ ಕೊಟ್ಟ ದಾನ. ಕಂಪನ್ನು ಹಿಡಿಯಹೋದ ದುಂಬಿಯು ಹೂವಿನಲ್ಲಿ ಅಳಿಯಿತು. ಕಂಪಿನಲ್ಲಿಯೇ ಅಳಿದ ಶ್ರೀಮತಿಯ ಜೀವವು ಕಬ್ಬಿನ ರಸವನ್ನು ಆದಿಜಿನನ ಅಂಜಲಿಗೆ ಎರೆದು ದಾನತೀರ್ಥವನ್ನು ಪ್ರವರ್ತಿಸಿತು.